ವಿಯೆನ್ನಾದಲ್ಲಿ ಪಿಯಾನೋ ಹುಡುಕಿಕೊಂಡು

ಬುಧವಾರ

ನಾವಿರುವ ಮ್ಯೂನಿಕ್‌ನಿಂದ ವಿಯೆನ್ನಾಕ್ಕೆ ರೈಲಿನಲ್ಲಿ ಸುಮಾರು ನಾಲ್ಕು ಗಂಟೆ. ಸಾಲ್ಜ್‌ಬರ್ಗ್, ಲಿಂಝ್ ದಾಟಿ ಮಧ್ಯಾಹ್ನದ ಹೊತ್ತಿಗೆ ಇಳಿದೆವು. ಜೊತೆಯಲ್ಲಿ ಮೈಸೂರಿನಿಂದ ಬೇಸಿಗೆ ಕಳೆಯಲು ಬಂದಿದ್ದ ಅಕ್ಕ, ಮತ್ತು ಯಾರಿಗಾಗಿ ಈ ಪ್ರಯಾಣವೋ ಆ ನನ್ನ ಮಗಳು.

ಮಗಳು ಏಳು ವರ್ಷದವಳಿದ್ದಾಗಿನಿಂದ ಪಿಯಾನೋ ಕಲಿಯುತ್ತಿದ್ದಾಳೆ. ಇಷ್ಟು ದಿನ ಮನೆಯಲ್ಲಿದ್ದದ್ದು ಬಾಡಿಗೆಯ ಅಪ್‌ರೈಟ್, ಅಂದರೆ ಗೋಡೆಗೆ ಒತ್ತಿ ನಿಲ್ಲಿಸುವ ಬಗೆಯದು. ಈಗ ಹದಿನಾರು, ಅವಳ ಕೈ ಆ ವಾದ್ಯವನ್ನು ಮೀರಿ ಬೆಳೆದಿದೆ ಎಂದು ಅವಳ ಟೀಚರ್ ಎರಡು ವರ್ಷದಿಂದ ಹೇಳುತ್ತಲೇ ಇದ್ದರು. ಮ್ಯೂನಿಕ್‌ನಲ್ಲಿ ಪಿಯಾನೋ ಅಂಗಡಿಗಳಿಗೇನೂ ಬರವಿಲ್ಲ. ಆದರೆ ಒಂದು ಸ್ಪರ್ಧೆಯಲ್ಲಿ ಅವಳು ಬೋಸೆನ್‌ಡೋರ್ಫರ್ ಕಂಪನಿಯ ಪಿಯಾನೋ ನುಡಿಸಿ ಬಂದವಳು ಬೇರೆ ಯಾವ ನಾದಕ್ಕೂ ಒಲಿಯಲಿಲ್ಲ. ಆ ಪಿಯಾನೋ ಹುಟ್ಟಿದ ಊರು ಇದು. ಮಾಡುವವರು, ರಿಪೇರಿ ಮಾಡುವವರು, ಹಳೆಯದನ್ನು ಬಿಚ್ಚಿ ಕಟ್ಟುವವರು ಒಂದೇ ಊರಲ್ಲಿರುವಾಗ ಅಲ್ಲಿಗೇ ಹೋಗಿ ಕೊಳ್ಳುವುದು ಸರಿ ಎನಿಸಿತು.

ಏಳನೇ ಜಿಲ್ಲೆಯಾದ ನಾಯ್‌ಬೌನಲ್ಲಿ ಕೋಣೆ. ಸಾಮಾನು ಇಟ್ಟು, ಊಟ ಮಾಡಿ ಮಲಗಿದೆವು.

ಗುರುವಾರ

ಮ್ಯೂಸಿಕ್‌ಫೆರೈನ್ ಕಟ್ಟಡವನ್ನು ಹೊಸವರ್ಷದ ಕಛೇರಿಯ ಪ್ರಸಾರದಲ್ಲಿ ಟಿವಿಯಲ್ಲಿ ನೋಡಿದವರು ಬಹಳ. 1870ರಲ್ಲಿ ತೆರೆದ ಆ ಚಿನ್ನದ ಸಭಾಂಗಣವಿರುವ ಕಟ್ಟಡದಲ್ಲೇ ಬೋಸೆನ್‌ಡೋರ್ಫರ್ ಮಳಿಗೆ ಇದೆ; ಪಕ್ಕದ ಬೀದಿಗೂ ಅದೇ ಹೆಸರು. ಒಳಗೆ ಹೋದರೆ ಅಂಗಡಿಯ ಗದ್ದಲವಿಲ್ಲ. ಅಲ್ಲಿನ ಮಹಿಳೆ ನಮ್ಮನ್ನು ಕೇಳಿದ್ದು ಬಜೆಟ್ ಎಷ್ಟು ಎಂದಲ್ಲ, ಮಗಳು ಈಗ ಏನು ಅಭ್ಯಾಸ ಮಾಡುತ್ತಿದ್ದಾಳೆ ಎಂದು. ಶೂಬರ್ಟ್ ಎಂದಳು. ಸಂಗೀತಕಾರ ಶೂಬರ್ಟ್ ತೀರಿಕೊಂಡದ್ದು 1828ರಲ್ಲಿ, ಇದೇ ಊರಿನಲ್ಲಿ. ಅದೇ ವರ್ಷ ಇಗ್ನಾಜ್ ಬೋಸೆನ್‌ಡೋರ್ಫರ್ ತನ್ನ ಗುರು ಯೋಸೆಫ್ ಬ್ರಾಡ್‌ಮನ್‌ನ ಕಾರ್ಯಾಗಾರವನ್ನು ವಹಿಸಿಕೊಂಡು ಸ್ವಂತ ಹೆಸರಲ್ಲಿ ಪಿಯಾನೋ ಮಾಡಲು ಶುರುಮಾಡಿದ. ಸುಮಾರು ಹತ್ತು ವರ್ಷದ ಮೇಲೆ ಪಿಯಾನೋ ವಾದಕ ಫ್ರಾಂಜ್ ಲಿಸ್ಟ್ ಈ ಊರಿಗೆ ಬಂದು, ಆತನ ಬಿರುಸಿನ ಹೊಡೆತಕ್ಕೆ ಬೇರೆ ಪಿಯಾನೋಗಳು ಸೋತರೂ ಇಗ್ನಾಜ್‌ನ ವಾದ್ಯ ತಡೆದುಕೊಂಡಿತು ಎಂಬ ಸುದ್ದಿಯೇ ಅವನಿಗೆ ಹೆಸರು ತಂದುಕೊಟ್ಟಿತು.

ಸಾಲಾಗಿ ನಿಂತಿದ್ದವುಗಳಲ್ಲಿ ದೊಡ್ಡದು ಇಂಪೀರಿಯಲ್: 290 ಸೆಂಟಿಮೀಟರ್ ಉದ್ದ, 88ರ ಬದಲು 97 ಕೀಗಳು, ಪೂರ್ತಿ ಎಂಟು ಸ್ಥಾಯಿ. ಬಾಖ್ ಆರ್ಗನ್‌ಗೆ ಬರೆದದ್ದನ್ನು ಪಿಯಾನೋದಲ್ಲಿ ನುಡಿಸಲು ಇನ್ನೂ ಕೆಳಗಿನ ಸ್ವರಗಳು ಬೇಕೆಂದು ಪಿಯಾನೋ ವಾದಕ ಬುಸೋನಿ ಕೇಳಿದ್ದರಿಂದ ಹುಟ್ಟಿದ ವಾದ್ಯ. ಕೆಳಗಿನ ಹೆಚ್ಚುವರಿ ಒಂಬತ್ತು ಕೀಗಳು ಎಲ್ಲವೂ ಕಪ್ಪು, ನುಡಿಸುವವರ ಕಣ್ಣು ದಾರಿ ತಪ್ಪದಿರಲಿ ಎಂದು. ಆ ತಂತಿಗಳನ್ನು ಮುಟ್ಟದಿದ್ದರೂ ಮೇಲಿನ ಸ್ವರಗಳಿಗೆ ಅವು ತಾವೇ ಮಿಡಿದು ನಾದ ತುಂಬುತ್ತವೆ. ಮಗಳು ಎಡಗೈಯಲ್ಲಿ ಒಂದು ಮಂದ್ರ ಸ್ವರ ಒತ್ತಿ ಪೆಡಲ್ ಬಿಡದೆ ಕೂತಳು. ಅಕ್ಕ ಕುರ್ಚಿಯಿಂದ ಎದ್ದು ಬಂದು ಪಿಯಾನೋದ ಪಕ್ಕದ ಹಲಗೆಗೆ ಅಂಗೈ ಇಟ್ಟಳು.

“ಇದೂ ನುಡೀತಿದೆ ಕಣೇ, ಈ ಪಕ್ಕದ ಮರವೂ,” ಎಂದಳು.

ಅಕ್ಕ ವೀಣೆ ಕಲಿತವಳು. ಹಲಸಿನ ಮರದ ಕೊಡಕ್ಕೆ ಬೆರಳ ಗೆಣ್ಣಿನಿಂದ ತಟ್ಟಿ, ಅದರ ದನಿ ಕೇಳಿ ವೀಣೆ ಆರಿಸುವುದನ್ನು ಮೈಸೂರಿನಲ್ಲಿ ಚಿಕ್ಕಂದಿನಿಂದ ನೋಡಿದ್ದಾಳೆ. ಅವಳ ಕೈಗೆ ಸಿಕ್ಕಿದ್ದು ಈ ವಾದ್ಯದ ಅಸಲು ಗುಟ್ಟು. ಬೇರೆ ಹೆಚ್ಚಿನ ಕಂಪನಿಗಳು ಪಿಯಾನೋದ ಸುತ್ತಿನ ಚೌಕಟ್ಟನ್ನು ಮೇಪಲ್, ಬೀಚ್‌ನಂಥ ಗಟ್ಟಿಮರದ ಪದರಗಳನ್ನು ಅಂಟಿಸಿ ಬಗ್ಗಿಸಿ ಮಾಡುತ್ತವೆ. ಅಲ್ಲಿ ನಾದ ಹುಟ್ಟುವುದು ತಂತಿಗಳ ಅಡಿಯ ತೆಳು ಹಲಗೆಯಾದ ಸೌಂಡ್‌ಬೋರ್ಡ್‌ನಲ್ಲಿ ಮಾತ್ರ, ಚೌಕಟ್ಟಿನ ಕೆಲಸ ಅದನ್ನು ಬಿಗಿಹಿಡಿಯುವುದು. ಬೋಸೆನ್‌ಡೋರ್ಫರ್‌ನವರು ಚೌಕಟ್ಟಿಗೂ ಸೌಂಡ್‌ಬೋರ್ಡ್‌ಗೆ ಬಳಸುವ ಸ್ಪ್ರೂಸ್ ಮರವನ್ನೇ ಬಳಸುತ್ತಾರೆ. ಅದಕ್ಕೆ ಒತ್ತೊತ್ತಾಗಿ ಗೀರು ಕೊಯ್ದು ಬಾಗಿಸುತ್ತಾರೆ. ವರ್ಷಗಟ್ಟಲೆ ಬಯಲಲ್ಲಿ ಗಾಳಿಗೆ ಒಣಗಿಸಿದ ಮರ ಅದು. ಹಾಗಾಗಿ ಪೆಟ್ಟಿಗೆಯೆಲ್ಲಾ ಹಾಡುತ್ತದೆ. ವಿಯೆನ್ನಾದವರು ತಮ್ಮ ನಾದ ಎಂದು ಹೆಮ್ಮೆಪಡುವ ಆ ಬೆಚ್ಚನೆಯ, ದುಂಡಗಿನ ದನಿ ಬರುವುದು ಅಲ್ಲಿಂದ. ನನ್ನ ಕಿವಿಗೆ ಅದು ಅತಿ ಹೊಳಪಿನದಲ್ಲ, ದೊಡ್ಡ ಸಭಾಂಗಣವನ್ನು ಸೀಳಿಕೊಂಡು ಹೋಗುವುದೂ ಅಲ್ಲ. ಮನುಷ್ಯರ ಗಂಟಲಿಗೆ ಹತ್ತಿರ.

ತಯಾರಿಕೆ ನಡೆಯುವುದು ಊರಿನ ದಕ್ಷಿಣಕ್ಕಿರುವ ವೀನರ್ ನಾಯ್‌ಸ್ಟಾಟ್‌ನಲ್ಲಿ, 1973ರಿಂದ. ಒಡೆತನ ಕೈ ಬದಲಾಗಿದೆ. ಅಮೆರಿಕದ ಕಿಂಬಲ್, ಆಮೇಲೆ ಆಸ್ಟ್ರಿಯಾದ ಒಂದು ಬ್ಯಾಂಕು, 2008ರಿಂದ ಜಪಾನಿನ ಯಮಾಹಾ. ಕೆಲಸ ಮಾತ್ರ ಇಲ್ಲೇ ಉಳಿದಿದೆ, ವರ್ಷಕ್ಕೆ ಹೊರಬರುವುದು ಕೆಲವೇ ನೂರು ವಾದ್ಯ. ಕೊಳ್ಳುವವರಿಗೆ ಇದು ಮುಖ್ಯ. ಐವತ್ತು ವರ್ಷದ ನಂತರ ಒಂದು ಭಾಗ ಬೇಕೆಂದರೂ ಕೇಳಲು ಒಂದು ಬಾಗಿಲಿರುತ್ತದೆ.

ಹೊಸದರ ಬೆಲೆ ಕೇಳಿಕೊಂಡೆ. ನಮ್ಮ ಮನೆಗೆ ಹೊಂದುವ ಎರಡು ಮೀಟರಿನದೇ ನಮ್ಮ ಉಳಿತಾಯದ ಎರಡು ಪಟ್ಟು. ಹಿಂಜರಿಕೆಯಿಲ್ಲದೆ ಆಕೆಗೆ ಹೇಳಿದೆ. ಆಕೆಯೂ ಸಹಜವಾಗಿ, “ಹಾಗಾದರೆ ಚೆನ್ನಾಗಿ ಕಾಪಾಡಿದ ಹಳೆಯದನ್ನು ನೋಡಿ, ನುಡಿಸುವುದಾದರೆ ಇಲ್ಲಿಗೆ ಮತ್ತೆ ಬನ್ನಿ, ಕಿವಿಗೆ ಅಳತೆ ಇರಲಿ,” ಎಂದರು. ಮಗಳನ್ನು ಇನ್ನೂ ಒಂದು ಗಂಟೆ ನುಡಿಸಲು ಬಿಟ್ಟರು. ಅವಳ ಕಿವಿಯಲ್ಲಿ ಹೊಸ ವಾದ್ಯದ ನಾದ ಕೂತದ್ದು ಆಗಲೇ. ಶನಿವಾರ ಅದು ಕೆಲಸಕ್ಕೆ ಬಂತು.

ಶುಕ್ರವಾರ

ಈ ದಿನ ಅಕ್ಕನದು. ಕೆರ್ಂಟ್ನರ್ ಬೀದಿಯ ಬಹುಪಾಲು ಅಂಗಡಿಗಳು ದುಬೈನಲ್ಲೂ ಇವೆ, ಸಿಂಗಾಪುರದಲ್ಲೂ ಇವೆ. ಅವುಗಳಿಗಾಗಿ ಯಾರೂ ವಿಯೆನ್ನಾಕ್ಕೆ ಬರಬೇಕಿಲ್ಲ. ಅವುಗಳ ನಡುವೆ 26ನೇ ನಂಬರಿನಲ್ಲಿ ಲೋಬ್‌ಮಾಯರ್ ಇದೆ, 1823ರಿಂದ ಒಂದೇ ಮನೆತನ ನಡೆಸಿಕೊಂಡು ಬಂದ ಗಾಜಿನ ಅಂಗಡಿ.

ಗಾಜಿನ ಲೋಟಕ್ಕೆ ಅಷ್ಟೊಂದು ದುಡ್ಡೇ ಎಂದು ಕೇಳುವವರನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕು. ಮಸ್ಲಿನ್ ಗಾಜು ಎಂದು ಕರೆಯುವ ತೆಳು ಲೋಟ ಕೈಗಿಟ್ಟರು. ಮಿಲಿಮೀಟರಿನ ಆಸುಪಾಸಿನ ದಪ್ಪ. ಹಿಡಿದರೆ ಹಿಡಿದ ಭಾರವೇ ಇಲ್ಲ. ನೀರು ತುಂಬಿದಾಗ ನೀರನ್ನೇ ಹಿಡಿದಂತೆ. ಬಾಯಿಂದ ಊದಿ, ಮರದ ಅಚ್ಚಿನಲ್ಲಿ ತಿರುಗಿಸುತ್ತಾ ರೂಪ ಕೊಡುವುದು. ಊದುವವರು, ಅಂಚು ಕತ್ತರಿಸುವವರು, ಕೆತ್ತುವವರು, ಬಣ್ಣ ಹಾಕುವವರು ಬೇರೆ ಬೇರೆ. ಒಂದೇ ಲೋಟ ಅಷ್ಟು ಜನರ ಕೈ ದಾಟಿ ಬರುತ್ತದೆ. ಲುಡ್ವಿಗ್ ಲೋಬ್‌ಮಾಯರ್ 1856ರಲ್ಲಿ ವಿನ್ಯಾಸ ಮಾಡಿದ ಪಾನಪಾತ್ರೆಗಳ ಸರಣಿಯನ್ನು ಇವತ್ತಿಗೂ ಮಾಡುತ್ತಾರೆ. ಮೇಲಿನ ಮಹಡಿಯಲ್ಲಿ ಹಳೆಯ ಮಾದರಿಗಳ ಸಂಗ್ರಹವಿದೆ, ತಲೆಯೆತ್ತಿದರೆ ತೂಗುದೀಪಗಳು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾ 1966ರಲ್ಲಿ ಹೊಸ ಕಟ್ಟಡಕ್ಕೆ ಹೋದಾಗ ಆಸ್ಟ್ರಿಯಾ ಉಡುಗೊರೆಯಾಗಿ ಕೊಟ್ಟ, ನಕ್ಷತ್ರಗಳು ಸಿಡಿದಂತೆ ಕಾಣುವ ದೀಪಗಳು ಇವರದೇ ಕೈಕೆಲಸ.

ಅಕ್ಕನಿಗೆ ಹಿಡಿಸಿದ್ದು ವಾಸ್ತುಶಿಲ್ಪಿ ಅಡಾಲ್ಫ್ ಲೋಸ್ 1931ರಲ್ಲಿ ಇವರಿಗಾಗಿ ಮಾಡಿದ ಲೋಟ. ನೇರ ಗೋಡೆ, ಹೂಬಳ್ಳಿ ಏನೂ ಇಲ್ಲ, ತಳದಲ್ಲಿ ಮಾತ್ರ ಸಣ್ಣ ಚೌಕಗಳ, ಮಂಜಿನಂತೆ ಮಸುಕಾದ ಕೆತ್ತನೆ. ಅಂಗಡಿಯ ಹಿರಿಯರು ಅದನ್ನು ಬೆಳಕಿಗೆ ಹಿಡಿದು ತೋರಿಸಿದರು. ನೀರು ತುಂಬಿದಾಗ ಆ ಚೌಕಗಳೆಲ್ಲಾ ಹೊಳೆಯುತ್ತವೆ.

“ಒಂದು ಒಡೆದರೆ?” ಎಂದು ಅಕ್ಕ ಕೇಳಿದಳು, ನಾನು ಜರ್ಮನ್‌ಗೆ ತಿರುಗಿಸಿ ಹೇಳಿದೆ. ಈಗಲೂ ಮಾಡುತ್ತಿರುವ ಸರಣಿ ಆದ್ದರಿಂದ ಒಂದೊಂದನ್ನೇ ಬಿಡಿಯಾಗಿ ಕೊಳ್ಳಬಹುದು ಎಂದರು. ಅಕ್ಕ ಎರಡು ಕೊಂಡಳು. ಭಾವನಿಗೊಂದು ತನಗೊಂದು, ಬೆಳಗಿನ ನೀರಿಗೆ. ಷೋಕೇಸಿನಲ್ಲಿಡಲು ಅಲ್ಲ ಎಂದು ಅಲ್ಲೇ ಹೇಳಿದಳು. ನನಗೆ ಅದು ಬಹಳ ಇಷ್ಟವಾಯಿತು.

ಯೂರೋಪಿನ ಹೊರಗೆ ವಾಸ ಇರುವವರಿಗೆ ಒಂದು ಕೆಲಸದ ಮಾತು. ಆಸ್ಟ್ರಿಯಾದಲ್ಲಿ ಒಂದೇ ಅಂಗಡಿಯಲ್ಲಿ 75 ಯೂರೋ ಮೀರಿ ಕೊಂಡರೆ ಮೌಲ್ಯವರ್ಧಿತ ತೆರಿಗೆಯ ಹಣ ವಾಪಸ್ ಕೇಳಬಹುದು. ಪಾಸ್‌ಪೋರ್ಟ್ ತೋರಿಸಿ ಅಂಗಡಿಯಲ್ಲೇ ಫಾರ್ಮ್ ಮಾಡಿಸಿಕೊಳ್ಳಬೇಕು, ಮೂರು ತಿಂಗಳೊಳಗೆ ಯೂರೋಪಿಯನ್ ಒಕ್ಕೂಟ ಬಿಡುವ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನವರಿಗೆ ವಸ್ತು ತೋರಿಸಿ ಮುದ್ರೆ ಹಾಕಿಸಬೇಕು. ಲೋಟಗಳನ್ನು ಚೆಕ್-ಇನ್ ಪೆಟ್ಟಿಗೆಯಲ್ಲಿ ಹಾಕಿ ಕಳಿಸಿಬಿಟ್ಟರೆ ತೋರಿಸಲು ಏನೂ ಉಳಿಯುವುದಿಲ್ಲ. ಮ್ಯೂನಿಕ್ ನಿವಾಸಿಯಾದ ನನಗೆ ಈ ಸೌಲಭ್ಯವಿಲ್ಲ.

ಅಲ್ಲಿಂದ ಆಲ್ಬರ್ಟೀನಾ ಚೌಕದ ಯುಂಗ್‌ಮನ್ ಉಂಡ್ ನೆಫೆ, 1866ರ ಬಟ್ಟೆ ಅಂಗಡಿ. ಚಿತ್ರ ಬರೆದ ಸೀಲಿಂಗು, ಮರದ ಕಪಾಟುಗಳು. ಅಕ್ಕ ಒಂದು ರೇಷ್ಮೆ ಸ್ಕಾರ್ಫ್‌ನ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಿದಳು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಮೈಸೂರು ರೇಷ್ಮೆ ಕಾರ್ಖಾನೆಯ ಸೀರೆ ಉಟ್ಟು ಬೆಳೆದವಳ ಕೈ. ಅಂಗಡಿಯ ಹೆಂಗಸೊಬ್ಬರು ತಾವಾಗಿಯೇ ಇನ್ನೊಂದು ಥಾನನ್ನು ಬಿಚ್ಚಿ ಹಾಸಿದರು. ಇಬ್ಬರಿಗೂ ಒಂದೂ ಮಾತು ಹೊಂದದಿದ್ದರೂ ಕಾಲು ಗಂಟೆ ಬಟ್ಟೆಯ ಮೇಲೇ ಮಾತುಕತೆ ನಡೆಯಿತು. ಏನೂ ಕೊಳ್ಳಲಿಲ್ಲ, ಅದಕ್ಕೆ ಅವರ ಮುಖ ಸಣ್ಣಗೂ ಆಗಲಿಲ್ಲ.

ಸಂಜೆ ಶ್ಪೀಗೆಲ್‌ಗಾಸೆಯ ಔಗಾರ್ಟನ್ ಪಿಂಗಾಣಿ ಮಳಿಗೆ. 1718ರಲ್ಲಿ ಶುರುವಾದ ಕೆಲಸ, ಯೂರೋಪಿನಲ್ಲಿ ಜರ್ಮನಿಯ ಮೈಸೆನ್ ಪಿಂಗಾಣಿ ಬಿಟ್ಟರೆ ಇದೇ ಹಳೆಯದು. 1864ರಲ್ಲಿ ಮುಚ್ಚಿ, 1923ರಲ್ಲಿ ಮತ್ತೆ ತೆರೆದದ್ದು. ಮಗಳ ಟೀಚರಿಗೆ ಗುಲಾಬಿ ಚಿತ್ರದ ಒಂದು ಕಪ್ಪು-ಸಾಸರ್ ತೆಗೆದುಕೊಂಡೆ. ಕೈಯಲ್ಲೇ ಬರೆದ ಗುಲಾಬಿ, ಹಾಗಾಗಿ ಎರಡು ಕಪ್ಪು ಒಂದೇ ಥರ ಇರುವುದಿಲ್ಲ. ಆರಿಸಲು ಮಗಳಿಗೇ ಬಿಟ್ಟೆ.

ಶನಿವಾರ

ಇವತ್ತು ಹಳೆಯ ಪಿಯಾನೋಗಳು. ಮ್ಯೂನಿಕ್‌ನಲ್ಲಿ ನಮ್ಮ ಮನೆಯ ಪಿಯಾನೋ ಶ್ರುತಿ ಮಾಡುವವರು ಎರಡು ವಿಳಾಸ ಬರೆದುಕೊಟ್ಟಿದ್ದರು.

ಮೊದಲನೆಯ ಕಡೆ ಹೊಳೆಯುವ ಕಪ್ಪು ಪಾಲಿಶ್, ದೊಡ್ಡ ಕಿಟಕಿ, ಆಕರ್ಷಕ ಬೆಲೆ. ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿದಾಗ ಸೌಂಡ್‌ಬೋರ್ಡ್‌ನಲ್ಲಿ ಅದರಡಿಯ ಆಸರೆಪಟ್ಟಿಯಾದ ಪಕ್ಕೆಯವರೆಗೂ ಸೀಳು ಕಂಡಿತು. ತಾರಸ್ಥಾಯಿಯಲ್ಲಿ ಒಂದೊಂದು ಸ್ವರದ ಮೂರು ತಂತಿ ಮೂರು ಕಡೆ ಎಳೆಯುತ್ತಿದ್ದವು. ಶ್ರುತಿ ನಿಲ್ಲದಿದ್ದರೆ ತಂತಿ ಸುತ್ತಿದ ಗೂಟಗಳು ಕೂತಿರುವ ಮರದ ಹಲಗೆ ಸಡಿಲಾಗಿದೆ ಎಂಬ ಗುಮಾನಿ ಬರಬೇಕು. ಪಿಯಾನೋದಲ್ಲಿ ಇನ್ನೂರಮೂವತ್ತರ ಹತ್ತಿರ ತಂತಿಗಳು, ಎಲ್ಲವೂ ಸೇರಿ ಎಳೆಯುವ ಬಿಗಿ ಇಪ್ಪತ್ತು ಟನ್ನಿನ ಸುತ್ತಮುತ್ತ. ಆ ಹಲಗೆ ಹೋದರೆ ಮೇಲಿನ ಪಾಲಿಶ್ ಯಾವ ಕೆಲಸಕ್ಕೂ ಬಾರದು. ಹೊರಟೆವು.

ಎರಡನೆಯದು ಚಿಕ್ಕ ಅಂಗಡಿ, ನಮ್ಮ ಕೋಣೆಯಿಂದ ನಡೆದು ಹೋಗುವಷ್ಟು ದೂರ. ಅಂಗಳ ದಾಟಿ ಒಳಗೆ ಹೋಗಬೇಕು. ಮುಂದೆ ಏಳೆಂಟು ವಾದ್ಯ, ಹಿಂದೆ ಕಾರ್ಯಾಗಾರ. ಅಂಟಿನ ವಾಸನೆ, ಉಣ್ಣೆಯ ಫೆಲ್ಟಿನ ತುಂಡುಗಳು. ಯಜಮಾನರಿಗೆ ಅರವತ್ತರ ಮೇಲಿರಬಹುದು. ಮೊದಲು ತೋರಿಸಿದ್ದು ಮಾರಾಟಕ್ಕಿಟ್ಟದ್ದನ್ನಲ್ಲ, ತಮ್ಮ ಪ್ರೀತಿಯದನ್ನು: 1900ರ ಆಸುಪಾಸಿನ ಬೋಸೆನ್‌ಡೋರ್ಫರ್, ಹಳೆಯ ವಿಯೆನ್ನಾ ಕೀಲುಕಟ್ಟಿನದು. ಕೀಲುಕಟ್ಟು ಅಂದರೆ ಕೀ ಒತ್ತಿದಾಗ ಸುತ್ತಿಗೆಯಿಂದ ತಂತಿಗೆ ಹೊಡೆಸುವ ವ್ಯವಸ್ಥೆ. ಅದರಲ್ಲಿ ಸುತ್ತಿಗೆ ಕೀಯ ಮೇಲೇ ಕೂತಿರುತ್ತದೆ, ಅದರ ತಲೆ ನುಡಿಸುವವರ ಕಡೆಗೆ ಮುಖ ಮಾಡಿರುತ್ತದೆ. ಈಗಿನ ಪಿಯಾನೋಗಳಲ್ಲಿ ಕೀ ಪೂರ್ತಿ ಮೇಲೆ ಬರುವ ಮೊದಲೇ ಅದೇ ಸ್ವರವನ್ನು ಮತ್ತೆ ಹೊಡೆಯುವ ವ್ಯವಸ್ಥೆ ಇದೆ, ಇದರಲ್ಲಿಲ್ಲ. ಶೂಬರ್ಟ್‌ನ ನಿಧಾನದ ಭಾಗ ಇದರ ಮೇಲೆ ಮಾತಾಡಿದ ಹಾಗೆ ಕೇಳಿಸಿತು. ವೇಗದ ಭಾಗಕ್ಕೆ ಮಗಳ ಬೆರಳು ತಡವರಿಸಿತು. ಕೀಗಳ ಮೇಲಿನ ಹೊದಿಕೆ ದಂತದ್ದು. ಅಂಥ ಹಳೆಯ ವಾದ್ಯವನ್ನು ಯೂರೋಪಿಯನ್ ಒಕ್ಕೂಟದಲ್ಲಿ ಮಾರಲು ಈಗ ಸರ್ಕಾರದ ಪ್ರಮಾಣಪತ್ರ ಬೇಕು. ಮುಂದೆಂದಾದರೂ ಊರಿಗೆ ಸಾಗಿಸುವ ಯೋಚನೆ ಇರುವವರು ದಂತದ ಕೀಗಳಿಂದ ದೂರ ಇರುವುದೇ ಒಳ್ಳೆಯದು.

ಆಮೇಲೆ ಮೂಲೆಯಲ್ಲಿದ್ದ ಎರಡು ಮೀಟರಿನ ಕಪ್ಪು ಪಿಯಾನೋದ ಹೊದಿಕೆ ತೆಗೆದರು. ಮಾದರಿ 200, 1980ರ ದಶಕದ್ದು. ಕಬ್ಬಿಣದ ಚೌಕಟ್ಟಿನ ಮೇಲಿನ ಕ್ರಮಸಂಖ್ಯೆಯಿಂದ ತಯಾರಾದ ವರ್ಷ ಗೊತ್ತಾಗುತ್ತದೆ. ಒಬ್ಬ ಸಂಗೀತ ಶಿಕ್ಷಕಿಯ ಮನೆಯಲ್ಲೇ ಇದ್ದದ್ದು. ಸುತ್ತಿಗೆಗಳ ಫೆಲ್ಟ್ ಹೊಸದು, ತಂತಿಗಳು ಹಳೆಯವೇ. ಏನು ಬದಲಿಸಿದ್ದಾರೆ, ಏನು ಬದಲಿಸಿಲ್ಲ, ಯಾಕೆ ಎಂದು ಕೇಳುವ ಮೊದಲೇ ಹೇಳಿದರು. “ಮಂದ್ರದ ತಾಮ್ರ ಸುತ್ತಿದ ತಂತಿಗಳು ಇನ್ನೂ ಚೆನ್ನಾಗಿವೆ, ಬದಲಿಸಿ ನಿಮ್ಮಿಂದ ದುಡ್ಡು ತೆಗೆದುಕೊಳ್ಳಲು ಕಾರಣವಿಲ್ಲ.”

ಮಗಳು ಕೂತಳು. ಮೊದಲು ಒಂದೊಂದೇ ಸ್ವರ, ಮಂದ್ರದಿಂದ ತಾರದವರೆಗೆ, ಯಾವ ಕೀಯೂ ಬೇರೆಯದಕ್ಕಿಂತ ಭಾರ ಇಲ್ಲವೇ ಎಂದು. ಆಮೇಲೆ ತೀರಾ ಮೆಲ್ಲಗೆ. ಒಳ್ಳೆಯ ಪಿಯಾನೋ ಗೊತ್ತಾಗುವುದು ಜೋರಿನಲ್ಲಲ್ಲ, ಮೆಲುದನಿಯಲ್ಲಿ. ಅಲ್ಲಿ ಸುತ್ತಿಗೆ ಒಂದಿಷ್ಟು ಅಡ್ಡಾದಿಡ್ಡಿ ಇದ್ದರೂ ಸ್ವರ ಬಾಯಿಬಿಡುವುದಿಲ್ಲ. ಆಮೇಲೆ ಗುರುವಾರ ಹೊಸದರ ಮೇಲೆ ನುಡಿಸಿದ್ದ ಭಾಗವನ್ನೇ ನುಡಿಸಿದಳು. ಮಧ್ಯಸ್ಥಾಯಿಯಲ್ಲಿ ಎಡಗೈ ಹಾಡುವ ಒಂದು ಸಾಲಿದೆ, ಬಲಗೈ ಅದರ ಮೇಲೆ ಸುಮ್ಮನೆ ಸುಳಿಯುತ್ತದೆ. ಬಾಡಿಗೆಯ ಪಿಯಾನೋದಲ್ಲಿ ಆ ಸಾಲು ಯಾವಾಗಲೂ ಮುಳುಗಿಹೋಗುತ್ತಿತ್ತು. ಇಲ್ಲಿ ಅವಳು ಒತ್ತಾಯ ಮಾಡದೆಯೇ ಎದ್ದು ಬಂತು.

“ದೊಡ್ಡಮ್ಮ, ಕೇಳಿಸ್ತಾ?” ಎಂದಳು ತಿರುಗಿ.

“ಕೇಳಿಸ್ತು ಪುಟ್ಟಿ. ಇನ್ನೊಂದ್ಸಲ ನುಡಿಸು.”

ಯಜಮಾನರು ಅಕ್ಕನ ಕಡೆ ನೋಡಿ, ಇವರು ನುಡಿಸುತ್ತಾರೆಯೇ ಎಂದು ನನ್ನನ್ನು ಕೇಳಿದರು. ವೀಣೆ ಎಂದೆ, ಮೈಸೂರು ಎಂದೆ. ಮೈಸೂರು ಅವರಿಗೆ ಗೊತ್ತಿತ್ತು, ಮೆಟ್‌ನರ್ ಮೂಲಕ! ರಷ್ಯಾದ ಸಂಗೀತಕಾರ ನಿಕೊಲಾಯ್ ಮೆಟ್‌ನರ್ ಲಂಡನ್ನಿನಲ್ಲಿ ಮುಪ್ಪಿನಲ್ಲಿ ಕಾಯಿಲೆಯಾಗಿ, ಹೆಚ್ಚಿನವರು ಮರೆತಿದ್ದ ಕಾಲದಲ್ಲಿ, ಅವರ ಕೃತಿಗಳನ್ನು ಅವರ ಕೈಯಲ್ಲೇ ನುಡಿಸಿ ಧ್ವನಿಮುದ್ರಿಸಲು ಹಣ ಕೊಟ್ಟವರು ನಮ್ಮ ಜಯಚಾಮರಾಜೇಂದ್ರ ಒಡೆಯರು. ಮೆಟ್‌ನರ್ ತಮ್ಮ ಮೂರನೇ ಪಿಯಾನೋ ಕನ್ಸರ್ಟೋವನ್ನು ಅವರಿಗೆ ಅರ್ಪಿಸಿದ್ದಾರೆ. ಒಡೆಯರು ಸ್ವತಃ ಪಿಯಾನೋ ಕಲಿತವರು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಜರ್ಮನಿಯ ಸಂಗೀತಕಾರ ರಿಚರ್ಡ್ ಸ್ಟ್ರೌಸ್‌ನ ಕೊನೆಯ ಗೀತೆಗಳು ಮೊದಲ ಸಲ ಕೇಳಿಸಿದ ಕಛೇರಿಗೂ ಹಣದ ಭರವಸೆ ಅವರದೇ ಆಗಿತ್ತು. ಅದೇ ದೊರೆ ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನೂ ರಚಿಸಿದವರು, ಅವುಗಳಲ್ಲಿ ಕೆಲವು ಅಕ್ಕನಿಗೆ ಪಾಠ ಆಗಿವೆ. ಅಕ್ಕ ಅಲ್ಲೇ ನಿಂತು ಒಂದರ ಪಲ್ಲವಿಯನ್ನು ಮೆಲ್ಲಗೆ ಹಾಡಿದಳು. ಯಜಮಾನರು ಕೈಲಿದ್ದ ಬಟ್ಟೆ ಕೆಳಗಿಟ್ಟು ಕೇಳಿದರು.

ಬೆಲೆ ಹೊಸದರ ಅರ್ಧಕ್ಕಿಂತ ಕಡಿಮೆ. ಸೋಮವಾರದವರೆಗೆ ಬೇರೆಯವರಿಗೆ ತೋರಿಸುವುದಿಲ್ಲ ಎಂದರು. ಮುಂಗಡ ಕೇಳಲಿಲ್ಲ.

ಭಾನುವಾರ

ಭಾನುವಾರ ಅಂಗಡಿಗಳೆಲ್ಲಾ ಮುಚ್ಚಿರುತ್ತವೆ. ಹೋಫ್‌ಬುರ್ಗ್ ಅರಮನೆಯ ಹೊಸ ಭಾಗದಲ್ಲಿರುವ ಹಳೆಯ ವಾದ್ಯಗಳ ಸಂಗ್ರಹಕ್ಕೆ ಹೋದೆವು. ಅಲ್ಲಿ ಕಾನ್‌ರಾಡ್ ಗ್ರಾಫ್ ಮಾಡಿದ ಒಂದು ಪಿಯಾನೋ ಇದೆ. 1840ರಲ್ಲಿ ಸಂಗೀತಗಾರರಾದ ಕ್ಲಾರಾ ಮತ್ತು ರಾಬರ್ಟ್ ಶೂಮನ್ ಮದುವೆಗೆ ಗ್ರಾಫ್ ಕೊಟ್ಟ ಉಡುಗೊರೆ. ರಾಬರ್ಟ್ ತೀರಿಕೊಂಡ ಮೇಲೆ ಅದು ಅವರ ಗೆಳೆಯ, ಸಂಗೀತಕಾರ ಬ್ರಾಮ್ಸ್ ಕೈಗೆ ಬಂತು, ಬ್ರಾಮ್ಸ್ ವಿಯೆನ್ನಾದ ಸಂಗೀತಪ್ರಿಯರ ಸಂಘಕ್ಕೆ ಕೊಟ್ಟರು. ಮಗಳು ಅದರ ಮುಂದೆ ಬಹಳ ಹೊತ್ತು ನಿಂತಳು. ನಾವು ಕೊಳ್ಳಲಿದ್ದ ಪಿಯಾನೋ ಇನ್ನೊಬ್ಬರ ಮನೆಯಲ್ಲಿ ಬಾಳಿದ್ದು ಎಂಬ ಸಣ್ಣ ಅಳುಕೊಂದು ನನ್ನಲ್ಲಿತ್ತು, ಅದು ಅಲ್ಲಿಗೆ ಹೋಯಿತು.

ಸೋಮವಾರ

ಅಂಗಡಿಗೆ ಸಂಬಂಧವಿಲ್ಲದ ಒಬ್ಬ ಪಿಯಾನೋ ತಂತ್ರಜ್ಞರನ್ನು ಶುಲ್ಕ ಕೊಟ್ಟು ಕರೆಸಿದ್ದೆ. ದೊಡ್ಡ ಹಣ ಕೊಡುವ ಮುಂಚೆ ಇದನ್ನು ಯಾರೂ ಬಿಡಬಾರದು. ಒಳ್ಳೆಯ ಅಂಗಡಿಯವರು ಅದಕ್ಕೆ ಬೇಸರಿಸುವುದಿಲ್ಲ. ಇವರು ಕಾಫಿ ಮಾಡಿಕೊಟ್ಟರು. ತಂತ್ರಜ್ಞರು ಕೀಲುಕಟ್ಟನ್ನು ಪೂರ್ತಿ ಹೊರಗೆಳೆದರು, ಗೂಟಗಳನ್ನು ಒಂದೊಂದಾಗಿ ತಿರುಗಿಸಿ ಬಿಗಿ ನೋಡಿದರು, ಕೆಳಗೆ ಮಲಗಿ ಸೌಂಡ್‌ಬೋರ್ಡ್‌ನ ಪಕ್ಕೆಗಳನ್ನು ಬೆರಳಲ್ಲಿ ತಡವಿದರು. ತಂತಿಯ ನಾದ ನಿಲ್ಲಿಸುವ ಡ್ಯಾಂಪರುಗಳಲ್ಲಿ ಎರಡರ ಫೆಲ್ಟ್ ಬದಲಿಸಬೇಕು, ಉಳಿದದ್ದೆಲ್ಲಾ ಗಟ್ಟಿ ಎಂದರು. ಯಜಮಾನರು ಅದನ್ನು ಒಪ್ಪಂದದಲ್ಲೇ ಬರೆದರು. ವಾದ್ಯದ ‘ಎ’ ಸ್ವರ 443 ಹರ್ಟ್ಸ್‌ಗೆ, ಅಂದರೆ ಸೆಕೆಂಡಿಗೆ ಅಷ್ಟು ಕಂಪನಕ್ಕೆ, ಶ್ರುತಿಯಾಗಿತ್ತು, ವಿಯೆನ್ನಾದ ವಾದ್ಯವೃಂದಗಳ ಎತ್ತರ ಅದು. ನಾವು ಮ್ಯೂನಿಕ್‌ನಲ್ಲಿ ಯಾವುದಕ್ಕೆ ಇಳಿಸಬೇಕೋ ಅದರ ಬಗ್ಗೆ ಅಲ್ಲಿಯ ಶ್ರುತಿಗಾರರೊಡನೆ ತಾವೇ ಮಾತಾಡುವುದಾಗಿ ಯಜಮಾನರು ಹೇಳಿದರು. ಸಹಿ ಹಾಕಿ, ಮಧ್ಯಾಹ್ನದ ರೈಲು ಹಿಡಿದೆವು.

ಎರಡು ವಾರದ ನಂತರ, ಮ್ಯೂನಿಕ್

ಪಿಯಾನೋ ಸಾಗಿಸುವುದೇ ಒಂದು ಕಸುಬು. ಮುನ್ನೂರು ಕಿಲೋ ಮೀರಿದ ವಾದ್ಯ. ಕಾಲುಗಳನ್ನೂ ಪೆಡಲ್ ಕಟ್ಟನ್ನೂ ಬಿಚ್ಚಿ, ಪಕ್ಕಕ್ಕೆ ನಿಲ್ಲಿಸಿ, ಕಂಬಳಿ ಸುತ್ತಿ, ಮರದ ಜಾರುಹಲಗೆಗೆ ಪಟ್ಟಿ ಬಿಗಿದು ತಂದರು. ಮೆಟ್ಟಿಲ ತಿರುವಿನ ಅಳತೆಯನ್ನು ಮೊದಲೇ ಕಳಿಸಿದ್ದರಿಂದ ಎರಡನೇ ಮಹಡಿಗೆ ಹತ್ತಿಸಲು ತೊಡಕಾಗಲಿಲ್ಲ. ಹೊರಗೋಡೆಗೆ ತಾಗದಂತೆ, ಹೀಟರಿನಿಂದ ದೂರ, ಬಿಸಿಲು ನೇರ ಬೀಳದ ಕಡೆ ಇಟ್ಟೆವು. ಪಕ್ಕದಲ್ಲೊಂದು ತೇವಮಾಪಕ, ಶೇಕಡಾ 40ರಿಂದ 60ರೊಳಗೆ ಇರಬೇಕು. ಸ್ಪ್ರೂಸ್‌ನ ಪೆಟ್ಟಿಗೆಗೆ ಇದು ಬೇರೆಯವುಗಳಿಗಿಂತಲೂ ಮುಖ್ಯ.

ಅಕ್ಕ ಊರಿಗೆ ಹೊರಡುವ ಮುಂಚೆ ಶ್ರುತಿಗಾರರು ಬಂದರು. ಮರ ಹೊಸ ಮನೆಯ ಗಾಳಿಗೆ ಹೊಂದಿಕೊಳ್ಳಲಿ ಎಂದು ಪಿಯಾನೋ ಬಂದ ಮೇಲೆ ಮೂರು ವಾರ ಕಾದಿದ್ದೆವು. ವಿಯೆನ್ನಾಕ್ಕೆ ಫೋನ್ ಮಾಡಿ, ಸುತ್ತಿಗೆಗಳ ಫೆಲ್ಟನ್ನು ಯಜಮಾನರು ಎಷ್ಟು ಮೆದು ಮಾಡಿದ್ದಾರೆಂದು ಕೇಳಿ ತಿಳಿದುಕೊಂಡೇ ಕೆಲಸ ಶುರುಮಾಡಿದರು. ಎರಡನೇ ಶ್ರುತಿಗೆ ನವೆಂಬರಿನಲ್ಲಿ ದಿನ ಗೊತ್ತುಮಾಡಿಕೊಂಡು ಹೋದರು. ಹೀಟರ್ ಶುರುವಾಗಿ ಗಾಳಿ ಒಣಗುವುದು, ಅದರ ಜೊತೆಗೆ ಶ್ರುತಿ ಇಳಿಯುವುದು ಆಗಲೇ.